ಅಂಗಳದ ಕೆಲಸ ನಾನೇ ಮಾಡಿಕೊಳ್ಳಬೇಕಾ? ಅಪ್ಪನ ಮಾತು ಒಂದು ಕಡೆ, ಮನೆಯವರ ಮಾತು ಇನ್ನೊಂದು ಕಡೆ

ಹೊಸ ಅಂಗಳ:

ಎಲ್ಲರಿಗೂ ನಮಸ್ಕಾರ. ಕೆಲಸದ ಪ್ರಶ್ನೆ ಒಂದಿದೆ, ಮನಸ್ಸಿನ ಪ್ರಶ್ನೆ ಇನ್ನೊಂದು. ಎರಡೂ ಅಂಟಿಕೊಂಡಿವೆ, ಬಿಡಿಸಿ ಕೇಳಲು ಆಗುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ.

ಇತ್ತೀಚೆಗೆ ಒಂದು ಹಳೆ ಮನೆಗೆ ಬಂದಿದ್ದೇವೆ. ಮುಂದೆ ಅಂಗಳ, ಹಿಂದೆ ಹಿತ್ತಲು. ನಾವು ಬರುವ ಮೊದಲು ಬಹಳ ಕಾಲ ಇಲ್ಲಿ ಯಾರೂ ಇರಲಿಲ್ಲ. ಹುಲ್ಲು ಮೊಣಕಾಲು ದಾಟಿದೆ, ಬೇಲಿ ಗಿಡ ದಾರಿಗೆ ಚಾಚಿದೆ, ಒಂದು ಮೂಲೆ ತುಂಬ ಜೇಕು ಹಬ್ಬಿದೆ, ಹಿತ್ತಲಿನ ದೊಡ್ಡ ಮರದ ಒಂದು ಕೊಂಬೆ ನೇರ ಮಾಡಿನ ಮೇಲೆ ಬಾಗಿದೆ. ಇದನ್ನೆಲ್ಲ ನಾನೇ ಸರಿ ಮಾಡಬೇಕು ಅಂತ ನನಗೆ ಆಸೆ. ನಿಜ ಹೇಳಬೇಕೆಂದರೆ ಬೇರೆ ಥರ ಯೋಚನೆ ಮಾಡಲು ನನಗೆ ಬರುವುದೇ ಇಲ್ಲ. ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪನದು ಆಫೀಸ್ ಕೆಲಸ. ಕೈಕೆಳಗೆ ಜನ ಇದ್ದರು. ಆದರೂ ರಜೆ ದಿನ ಬೆಳಿಗ್ಗೆ ಹಳೆ ಅಂಗಿ ಹಾಕಿಕೊಂಡು ಗುದ್ದಲಿ ಹಿಡಿಯುತ್ತಿದ್ದರು. ಚರಂಡಿ ಕಟ್ಟಿಕೊಂಡರೆ ಬಿಡಿಸುವುದು ಅವರೇ, ಬೇಲಿ ಕತ್ತರಿಸುವುದೂ ಅವರೇ. ಒಂದು ಸಲ ಅವರ ಮೇಲಧಿಕಾರಿ ಯಾವುದೋ ಕಾಗದಕ್ಕೆ ತುರ್ತಾಗಿ ಸಹಿ ಬೇಕು ಅಂತ ಮನೆಗೇ ಬಂದುಬಿಟ್ಟರು. ಅಪ್ಪನಿಗೆ ಮೊಣಕೈ ತನಕ ಕೆಸರು. ಒಳಗೆ ಓಡಲಿಲ್ಲ, ಅಂಗಿ ಬದಲಿಸಲಿಲ್ಲ. ನಲ್ಲಿ ಹತ್ತಿರ ಕೈ ತೊಳೆದರು, ಸಹಿ ಹಾಕಿದರು, ಅವರನ್ನು ಗೇಟಿನ ತನಕ ಬಿಟ್ಟು ಬಂದು ಮತ್ತೆ ಚರಂಡಿಗೆ ಇಳಿದರು. "ಅವರು ಏನಂದುಕೊಂಡರೋ ಅಪ್ಪಾ" ಅಂದೆ. "ಅಂದುಕೊಳ್ಳುವುದು ಅವರ ಕೆಲಸ, ಚರಂಡಿ ನನ್ನ ಕೆಲಸ" ಅಂದರು.

ಅದೇ ಅಪ್ಪ ಇನ್ನೊಂದು ಮಾತೂ ಹೇಳಿದ್ದಾರೆ. ನಾನು ಚಿಕ್ಕವನಿದ್ದಾಗ ಒಂದು ಪಾತಿಯ ಕಳೆ ಪೂರ್ತಿ ಕಿತ್ತು, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ತೋರಿಸುತ್ತಿದ್ದೆ. "ಪಾತಿ ಕಾಣಿಸಿದರೆ ಸಾಕು, ನೀನು ಕಾಣಿಸಬೇಕಾಗಿಲ್ಲ, ಒಳಗೆ ಬಾ" ಅಂತ ಕರೆದರು. ಆಗ ತುಂಬ ಬೇಜಾರಾಗಿತ್ತು.

ಈಗ ಅಪ್ಪ ಇಲ್ಲ. ನನ್ನ ಹೆಂಡತಿಯ ಅಣ್ಣ, ನಮ್ಮ ಮೇಲೆ ನಿಜವಾದ ಪ್ರೀತಿ ಇರುವವರು, ನಾನು ಗುದ್ದಲಿ ಹಿಡಿದು ನಿಂತಿದ್ದನ್ನು ನೋಡಿ ಎರಡು ಮಾತು ಹೇಳಿದರು. ಒಂದು, "ನಿಮ್ಮ ಕೆಲಸಕ್ಕೆ, ನಿಮ್ಮ ಸ್ಥಾನಕ್ಕೆ ಇದು ಚೆನ್ನಾಗಿ ಕಾಣುವುದಿಲ್ಲ, ಯಾರನ್ನಾದರೂ ಕರೆಸಿ." ಇದು ನನಗೆ ತಟ್ಟಲಿಲ್ಲ. ಎರಡನೆಯದು ತಟ್ಟಿತು. "ಇದರಿಂದಲೇ ಹೊಟ್ಟೆ ಹೊರೆಯುವವರಿದ್ದಾರೆ, ಕೊಡುವ ಶಕ್ತಿ ಇದ್ದೂ ನೀವೇ ಮಾಡಿಕೊಂಡರೆ ಅವರ ದುಡಿಮೆ ಕಸಿದ ಹಾಗಲ್ವಾ?" ಅಂದರು. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅದಾದ ಮೇಲೆ ಇನ್ನೊಂದು ಯೋಚನೆ ಶುರುವಾಗಿದೆ. "ಎಲ್ಲ ನಾನೇ ಮಾಡುತ್ತೇನೆ, ನನಗೆ ಯಾರೂ ಬೇಡ" ಅನ್ನುವುದೂ ಒಂದು ಥರದ ಜಂಬವೇ ಅಲ್ವಾ? ಅಪ್ಪ ಬೇಡ ಅಂದಿದ್ದು ಅದನ್ನೇ ಇರಬಹುದಾ?

ಹಾಗಾಗಿ ಕೇಳುವುದು ಇಷ್ಟು. ಇಷ್ಟು ಹದಗೆಟ್ಟ ಅಂಗಳವನ್ನು ಎಲ್ಲಿಂದ ಶುರು ಮಾಡಬೇಕು? ಯಾವುದನ್ನು ನಾನು ಮುಟ್ಟಬಾರದು? ಮತ್ತೆ ನಿಮ್ಮ ಅಪ್ಪಂದಿರು ಈ ವಿಷಯದಲ್ಲಿ ನಿಮಗೆ ಏನು ಹೇಳಿಕೊಟ್ಟರು?

ಗುದ್ದಲಿ ಕಾವು:

ಮೊದಲು ಕೆಲಸದ ಮಾತು. ಒಂದೇ ಸಲ ಇಡೀ ಅಂಗಳದ ಮೇಲೆ ಬೀಳಬೇಡಿ. ಗೇಟಿನಿಂದ ಬಾಗಿಲಿನವರೆಗೆ ದಾರಿಯ ಎರಡೂ ಬದಿ ಮಾತ್ರ ತೆಗೆದುಕೊಂಡು ಅದನ್ನು ಪೂರ್ತಿ ಮುಗಿಸಿ. ಅರ್ಧರ್ಧ ಮಾಡಿದ ನಾಲ್ಕು ಜಾಗಕ್ಕಿಂತ ಮುಗಿದ ಒಂದು ಜಾಗ ಮನಸ್ಸಿಗೆ ಜಾಸ್ತಿ ಬಲ ಕೊಡುತ್ತದೆ. ಎತ್ತರದ ಹುಲ್ಲಿಗೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ತಟ್ಟುತ್ತಾ ನಡೆಯಿರಿ. ಕಲ್ಲು, ತಂತಿ, ಗಾಜಿನ ಚೂರು, ಹಾವು, ಏನು ಬೇಕಾದರೂ ಇರಬಹುದು. ಉದ್ದ ಪ್ಯಾಂಟು, ಮುಚ್ಚಿದ ಬೂಟು ಇಲ್ಲದೆ ಇಳಿಯಲೇಬೇಡಿ.

ಆ ಹುಲ್ಲನ್ನು ಹುಲ್ಲುಹಾಸಾಗಿ ಉಳಿಸಿಕೊಳ್ಳುವ ಆಸೆ ಇದ್ದರೆ ನೆಲದ ಮಟ್ಟಕ್ಕೆ ಸವರಬೇಡಿ. ಒಂದು ಸಲಕ್ಕೆ ಅದರ ಎತ್ತರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು. ಬೇರು ಬದುಕುವುದು ಎಲೆ ಮಾಡುವ ಆಹಾರದಿಂದ. ಎಲೆಯೆಲ್ಲ ಒಮ್ಮೆಗೇ ಹೋದರೆ ಬೇರು ಸೊರಗುತ್ತದೆ, ಖಾಲಿ ಬಿದ್ದ ಜಾಗಕ್ಕೆ ಕಳೆ ಬರುತ್ತದೆ. ಕೆಲವು ದಿನ ಬಿಟ್ಟು ಬಿಟ್ಟು ಕತ್ತರಿಸುತ್ತಾ ಕೊನೆಗೆ 5ರಿಂದ 8 ಸೆಂಟಿಮೀಟರ್ ಎತ್ತರಕ್ಕೆ ತಂದು ನಿಲ್ಲಿಸಿ. ಆಮೇಲೆ ಕತ್ತರಿಸುವಾಗ ಬೀಳುವ ಸಣ್ಣ ಚೂರುಗಳನ್ನು ಅಲ್ಲೇ ಬಿಡಿ. ಅವು ಬೇಗ ಕರಗಿ ಸಾರಜನಕವನ್ನು ಮಣ್ಣಿಗೇ ವಾಪಸ್ ಕೊಡುತ್ತವೆ.

ಕಳೆ ಅಂತ ಇಡೀ ನೆಲ ಅಗೆದು ಬುಡಮೇಲು ಮಾಡುವವರು ಬಹಳ ಜನ. ಹಾಗೆ ಮಾಡಬೇಡಿ. ಮಣ್ಣಿನ ಒಳಗೆ ಎಷ್ಟೋ ವರ್ಷದ ಬೀಜಗಳು ಸುಮ್ನೆ ಮಲಗಿರುತ್ತವೆ, ಅಗೆದರೆ ಅವು ಬೆಳಕಿಗೆ ಬಂದು ಮೊಳೆಯುತ್ತವೆ. ಎಷ್ಟು ವರ್ಷ ಅಂದರೆ, 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವ ಸಸ್ಯವಿಜ್ಞಾನಿ ಹಲವು ಬಗೆಯ ಬೀಜಗಳನ್ನು ಮರಳಿನ ಜೊತೆ 20 ಬಾಟಲಿಗಳಿಗೆ ತುಂಬಿ ಹೂತಿಟ್ಟರು. ಅದರಲ್ಲಿ ಒಂದು ಬಾಟಲಿಯನ್ನು 2021ರಲ್ಲಿ ತೆಗೆದು ಬಿತ್ತಿದಾಗಲೂ ಕೆಲವು ಬೀಜ ಮೊಳೆತವು! ಅದಕ್ಕೇ ಹೇಳುವುದು, ಹೂ ಬಿಡುವ ಮೊದಲೇ ಕಳೆ ಕೀಳಬೇಕು ಅಂತ. ನೆಲ ಒದ್ದೆ ಇರುವಾಗ ಬುಡ ಹಿಡಿದು ಮೆಲ್ಲಗೆ ಎಳೆದರೆ ಬೇರು ಸಮೇತ ಬರುತ್ತದೆ. ಕಿತ್ತ ಜಾಗವನ್ನು ಬರಿದಾಗಿ ಬಿಡದೆ ತರಗೆಲೆ, ಒಣ ಹುಲ್ಲು ಅಥವಾ ಮರದ ಚಕ್ಕೆ ಹಾಕಿ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಮುಚ್ಚಿ. ಗಿಡದ ಕಾಂಡಕ್ಕೆ ಮಾತ್ರ ತಾಗಬಾರದು, ಒಂದು ಗೇಣು ಬಿಡಿ, ಇಲ್ಲದಿದ್ದರೆ ಕಾಂಡ ಕೊಳೆಯುತ್ತದೆ.

ಜೇಕಿನದು ಬೇರೆಯೇ ಕಥೆ. ಮೇಲಿನ ಎಲೆ ಕಿತ್ತು ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ, ಕೆಳಗೆ ಗಡ್ಡೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಗುದ್ದಲಿಯಲ್ಲಿ ಕೊಚ್ಚಿದರೆ ಆ ಕೊಂಡಿ ತುಂಡಾಗಿ, ಅಲ್ಲಿ ತನಕ ಸುಮ್ಮನಿದ್ದ ಗಡ್ಡೆಗಳೂ ಚಿಗುರುತ್ತವೆ. ಒದ್ದೆ ಮಣ್ಣನ್ನು ಮುಳ್ಳುಹಾರೆಯಿಂದ ಸಡಿಲ ಮಾಡಿ ಗಡ್ಡೆ ಸಮೇತ ಆರಿಸಿ ತೆಗೆಯಿರಿ. ಮತ್ತೆ ಬಂದೇ ಬರುತ್ತದೆ. ಬಂದಾಗೆಲ್ಲ ಎರಡು ಮೂರು ವಾರಕ್ಕೊಮ್ಮೆ ತೆಗೆಯುತ್ತಿದ್ದರೆ ಗಡ್ಡೆಯಲ್ಲಿ ಕೂಡಿಟ್ಟಿದ್ದೆಲ್ಲ ಖರ್ಚಾಗಿ ಸೋಲುತ್ತದೆ. ನೆರಳು ಅದಕ್ಕೆ ಆಗುವುದಿಲ್ಲ, ಆ ಮೂಲೆಗೆ ದಟ್ಟ ಎಲೆಯ ಗಿಡ ಹಾಕಿ. ಪ್ಲಾಸ್ಟಿಕ್ ಹಾಳೆ ಹಾಸಿ ಪ್ರಯೋಜನ ಇಲ್ಲ, ಚುಚ್ಚಿಕೊಂಡು ಮೇಲೆ ಬರುತ್ತದೆ.

ಇನ್ನು ನಮ್ಮಪ್ಪ. ಅವರು ಮಾತು ಕಡಿಮೆ. ಅಂತಸ್ತು, ಮರ್ಯಾದೆ, ಇಂಥ ವಿಷಯವನ್ನು ಅವರು ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ. ಆದರೆ ಎಷ್ಟೇ ಸುಸ್ತಾಗಿದ್ದರೂ, ಕತ್ತಲಾಗಿದ್ದರೂ, ಗುದ್ದಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ ಅದರ ಜಾಗಕ್ಕೆ ತೂಗುಹಾಕದೆ ಅವರು ಒಳಗೆ ಬರುತ್ತಿರಲಿಲ್ಲ. ಕುಡುಗೋಲಿನ ಹಲ್ಲು, ಕತ್ತರಿಯ ಅಲಗು ಎಲ್ಲ ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದರು. ಮೊಂಡು ಕತ್ತರಿ ಗಿಡವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ, ಜಜ್ಜಿದ ಗಾಯಕ್ಕೆ ರೋಗ ಬೇಗ ಹತ್ತುತ್ತದೆ ಅಂತ ಅವರಿಂದ ಕಲಿತಿದ್ದು. ಎರವಲು ತಂದ ಹತಾರವನ್ನು ತಂದಿದ್ದಕ್ಕಿಂತ ಹರಿತ ಮಾಡಿ ವಾಪಸ್ ಕೊಡುತ್ತಿದ್ದರು, ಹೇಳದೆ. ಅವರ ಹೆಮ್ಮೆ ಎಲ್ಲಿತ್ತು ಅಂತ ಯಾರಾದರೂ ಕೇಳಿದರೆ ನಾನು ಆ ಹತಾರ ಇಡುವ ಗೋಡೆಯನ್ನು ತೋರಿಸುತ್ತೇನೆ.

ಮರದ ಕಾವಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸವರಿ, ಸೀಳು ಬಿಡುವುದಿಲ್ಲ. ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿಕೊಂಡು ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಸಂಜೆ ಮಳೆ:

ನಿಮ್ಮ ಎರಡನೇ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದನ್ನು ಓದಿ ಎದೆ ಧಸಕ್ಕೆಂದಿತು. ಮಾಡಿನ ಮೇಲೆ ಬಾಗಿದ ಆ ಕೊಂಬೆಯನ್ನು ನೀವು ಮುಟ್ಟಬೇಡಿ.

ನಮ್ಮಪ್ಪನೂ ನಿಮ್ಮಪ್ಪನ ಹಾಗೆಯೇ, ಎಲ್ಲ ಅವರೇ. ನಾವು ಹೆಣ್ಣುಮಕ್ಕಳಿಗೂ ಗುದ್ದಲಿ ಹಿಡಿಯುವುದು, ಬೇಲಿ ಸವರುವುದು ಎಲ್ಲ ಕಲಿಸಿದರು. ಹುಡುಗಿಯರಿಗೆ ಯಾಕೆ ಇದೆಲ್ಲ ಅಂತ ಕೇಳಿದವರಿಗೆ, "ನನ್ನ ಮಕ್ಕಳು ತಮ್ಮ ಬಾಗಿಲ ಮುಂದಿನ ಕೆಲಸಕ್ಕೆ ಯಾರ ದಾರಿಯನ್ನೂ ಕಾಯಬಾರದು" ಅಂತ ಉತ್ತರ ಕೊಡುತ್ತಿದ್ದರು. ಈ ಮಾತನ್ನು ನಾನು ಈಗಲೂ ಎದೆಯಲ್ಲಿಟ್ಟುಕೊಂಡಿದ್ದೇನೆ. ಆದರೆ ಅದೇ ಮಾತಿನ ಇನ್ನೊಂದು ಮುಖವನ್ನೂ ನೋಡಿದ್ದೇನೆ. ವಯಸ್ಸಾದ ಮೇಲೂ ಮರ ಹತ್ತುವವರನ್ನು ಕರೆಯಲು ಅವರು ಒಪ್ಪಲಿಲ್ಲ. ಏಣಿ ಹಾಕಿ, ಒಂದೇ ಕೈಯಲ್ಲಿ ಗರಗಸ ಹಿಡಿದು ಕೊಯ್ಯುತ್ತಿದ್ದಾಗ ಕೊಂಬೆ ಅರ್ಧ ಸೀಳಿ ಇತ್ತ ತೂಗಿ ಏಣಿಗೇ ಹೊಡೆಯಿತು. ಸೊಂಟದ ಮೂಳೆ ಮುರಿಯಿತು. ಆಮೇಲೆ ಉಳಿದ ಕೊಂಬೆಗೆ ಮರ ಕಡಿಯುವವರನ್ನು ಕರೆಸಿದೆವು. ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತು, ಅವರು ಹಗ್ಗ ಕಟ್ಟುವುದು, ಕೊಂಬೆಯನ್ನು ತುಂಡು ತುಂಡಾಗಿ ಇಳಿಸುವುದು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ಆ ಹುಡುಗನನ್ನು ಹತ್ತಿರ ಕರೆದು ಗಂಟು ಹೇಗೆ ಹಾಕಿದೆ ಅಂತ ಕೇಳಿ ಕಲಿತರು. ಅಷ್ಟು ವಯಸ್ಸಿನವರು, ತಮ್ಮ ಅರ್ಧ ವಯಸ್ಸಿನ ಹುಡುಗನ ಹತ್ತಿರ! ನನಗೆ ಅಪ್ಪನ ಮೇಲೆ ಅತಿ ಹೆಚ್ಚು ಗೌರವ ಬಂದಿದ್ದು ಆ ದಿನ.

ಹಾಗಾಗಿ ನಾನು ಇಟ್ಟುಕೊಂಡಿರುವ ಗೆರೆ ಇದು. ಎರಡೂ ಕಾಲು ನೆಲದ ಮೇಲೆ ಇದ್ದು ಕೈಗೆಟುಕುವುದು ನನ್ನ ಕೆಲಸ. ಗರಗಸ ಹಿಡಿದು ಏಣಿ ಹತ್ತುವುದಿಲ್ಲ. ಕರೆಂಟ್ ತಂತಿ ಹತ್ತಿರ ಇರುವ ಕೊಂಬೆಗೆ ಕೋಲೂ ತಾಗಿಸುವುದಿಲ್ಲ, ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ಮಾಡಿನ ಮೇಲೆ ಬೀಳುವಂಥದ್ದು ಗೊತ್ತಿರುವವರಿಗೆ. ಗರಗಸವಿಲ್ಲದ ಬೇರೆ ಕೆಲಸಕ್ಕೆ ಏಣಿ ಇಡಬೇಕಾದರೆ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಲೆಕ್ಕದಲ್ಲಿ ಬುಡವನ್ನು ಗೋಡೆಯಿಂದ ದೂರ ಇಡಿ, ಇನ್ನೊಬ್ಬರು ಹಿಡಿದಿರಲಿ.

ಕೈಗೆಟುಕುವ ಸಣ್ಣ ಕೊಂಬೆಗಳನ್ನು ನೀವೇ ತೆಗೆಯಬಹುದು. ನೇರ ಮೇಲಿನಿಂದ ಕೊಯ್ದರೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ಯಿರಿ. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ಯಿರಿ, ಭಾರ ಬಿದ್ದುಹೋಗುತ್ತದೆ. ಕೊನೆಗೆ ಉಳಿದ ಮೋಟನ್ನು ತೆಗೆಯಿರಿ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಉಬ್ಬಿದ ಒಂದು ಉಂಗುರ ಕಾಣುತ್ತದೆ, ಅದನ್ನು ಬಿಟ್ಟು ಅದರ ಹೊರಗೆ ಕೊಯ್ಯಬೇಕು. ಅಲೆಕ್ಸ್ ಶೈಗೋ ಅನ್ನುವ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ಒಳಗೆ ನೋಡಿದವರು. ಮರ ನಮ್ಮ ಚರ್ಮದ ಹಾಗೆ ಗಾಯ ವಾಸಿ ಮಾಡಿಕೊಳ್ಳುವುದಿಲ್ಲ, ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ ಕೊಳೆತವನ್ನು ಅಲ್ಲೇ ತಡೆಯುತ್ತದೆ ಅಂತ ತೋರಿಸಿಕೊಟ್ಟರು. ಆ ಉಂಗುರ ಉಳಿದರೆ ಗೋಡೆ ಚೆನ್ನಾಗಿ ಆಗುತ್ತದೆ. ಗಾಯಕ್ಕೆ ಪೇಂಟ್, ಟಾರು ಬಳಿಯುವ ಅಭ್ಯಾಸ ಬಿಡಿ, ಅದರಿಂದ ಕೊಳೆಯುವುದು ನಿಲ್ಲುವುದಿಲ್ಲ.

ಪಾತಿ ಕೆಲಸದವನು:

ನಾನು ಬೇರೆಯವರ ಅಂಗಳದ ಕೆಲಸ ಮಾಡಿಯೇ ಜೀವನ ಮಾಡುತ್ತಿರುವವನು. ನಮ್ಮಪ್ಪನೂ ಇದನ್ನೇ ಮಾಡುತ್ತಿದ್ದರು. ನಿಮ್ಮ ಭಾವ ನಮ್ಮ ಹೆಸರು ಹೇಳಿ ಆಡಿದ ಮಾತಿಗೆ ನಮ್ಮ ಕಡೆಯಿಂದ ಯಾರಾದರೂ ಉತ್ತರ ಕೊಡಬೇಕು ಅನ್ನಿಸಿತು.

ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಅವರು ಹೇಳಿದ ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲು ಗುದ್ದಲಿ ಹಿಡಿಯುವುದು ನಿಮ್ಮ ಸ್ಥಾನಕ್ಕೆ ಚೆನ್ನಾಗಿ ಕಾಣುವುದಿಲ್ಲ ಅಂದರು. ಆಮೇಲೆ ಅದನ್ನು ನಮಗೆ ಕೊಡಿ ಅಂದರು. ನಿಮಗೆ ಮರ್ಯಾದೆ ಕಡಿಮೆ ಮಾಡುವ ಕೆಲಸ ನಮಗೆ ಮಾತ್ರ ಸರಿ ಅಂತ ಆಯ್ತಲ್ವಾ? ನಮಗೆ ಕೆಲಸ ಬೇಕು, ನಿಜ. ಬೇಕಾಗಿರುವುದು ಕೆಲಸ, ಕನಿಕರ ಬೇಡ. ದೊಡ್ಡ ಮರ, ಕುಸಿದ ಬದು, ಬೇರು ಸಮೇತ ತೆಗೆಯಬೇಕಾದ ಬೊಡ್ಡೆ, ಇಂಥವು ಬಂದಾಗ ಕರೆಯಿರಿ, ಸರಿಯಾದ ಕೂಲಿ ಮೊದಲೇ ಮಾತಾಡಿ, ಕೆಲಸ ಮುಗಿದ ದಿನವೇ ಕೊಡಿ. ಅಷ್ಟು ಮಾಡಿದರೆ ನೀವು ಯಾರ ದುಡಿಮೆಯನ್ನೂ ಕಸಿದಿಲ್ಲ.

ನನ್ನ ಅನುಭವ ಹೇಳಬೇಕೆಂದರೆ, ತಾವೂ ಒಂದಷ್ಟು ದಿನ ಕೈಯಾರೆ ಮಾಡಿದವರ ಮನೆಯಲ್ಲೇ ಕೆಲಸ ಮಾಡುವುದು ನನಗೆ ಇಷ್ಟ. ಬಿಸಿಲಲ್ಲಿ ಬಗ್ಗಿ ಒಂದು ಪಾತಿ ಕೀಳಲು ಎಷ್ಟು ಹೊತ್ತು ಬೇಕು ಅಂತ ಅವರಿಗೆ ಗೊತ್ತಿರುತ್ತದೆ. "ಇಷ್ಟಕ್ಕೇ ಇಷ್ಟು ಹೊತ್ತಾ" ಅಂತ ತಲೆಯ ಮೇಲೆ ನಿಲ್ಲುವುದಿಲ್ಲ. ಕೇಳುವ ಮೊದಲೇ ನೀರು ತಂದುಕೊಡುತ್ತಾರೆ. ಏಕವಚನದಲ್ಲಿ ಕರೆಯುವುದೂ ಕಡಿಮೆ. ಗುದ್ದಲಿಯನ್ನು ಮುಟ್ಟದೇ ಇದ್ದವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ನಾನು ಕಂಡಿದ್ದು ಹೇಳುತ್ತಿದ್ದೇನೆ.

ನಮ್ಮಪ್ಪನ ಬಗ್ಗೆ ಒಂದು ಸಂಗತಿ. ಒಂದು ದೊಡ್ಡ ಮನೆಯವರು ಮರ ಎತ್ತರವಾಯಿತು, ತಲೆ ಹಾರಿಸು ಅಂದರು. ಅಪ್ಪ ಒಪ್ಪಲಿಲ್ಲ. ತಲೆ ಹಾರಿಸಿದರೆ ಮೋಟಿನ ಸುತ್ತ ಚಿಗುರು ಗುಂಪು ಗುಂಪಾಗಿ ಏಳುತ್ತದೆ, ಅವಕ್ಕೆ ಒಳಗೆ ಗಟ್ಟಿ ಹಿಡಿತ ಇರುವುದಿಲ್ಲ, ಮೋಟು ಕೊಳೆಯುತ್ತದೆ, ಮುಂದೆ ಜೋರು ಗಾಳಿಗೆ ಮುರಿದು ಬೀಳುವುದು ಅವೇ. ಮರ ಮೊದಲಿನಷ್ಟೇ ಎತ್ತರವೂ ಆಗುತ್ತದೆ. ಕೆಲವು ಕೊಂಬೆಗಳನ್ನು ಬುಡದಿಂದ ತೆಗೆದು ಹಗುರ ಮಾಡಿಕೊಡುತ್ತೇನೆ ಅಂತ ಅಪ್ಪ ಅಂದರು. "ಹೇಳಿದಷ್ಟು ಮಾಡು" ಅಂದರು ಅವರು. ಅಪ್ಪ ಹಗ್ಗ ಸುತ್ತಿಕೊಂಡು ಕೂಲಿ ಬಿಟ್ಟು ಹೊರಟುಬಂದರು. ಅವತ್ತು ಮನೆಯಲ್ಲಿ ದುಡ್ಡಿನ ಅಗತ್ಯ ಬಹಳ ಇತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ನಾನು ಯಾಕೆ ಅಂತ ಕೇಳಿದ್ದಕ್ಕೆ "ಆ ಮರ ಬಿದ್ದಾಗ ಇದನ್ನು ಯಾರು ಕಡಿದಿದ್ದು ಅಂತ ಕೇಳುತ್ತಾರೆ, ಯಾರು ಕಡಿಸಿದ್ದು ಅಂತ ಕೇಳುವುದಿಲ್ಲ" ಅಂದರು. ಈ ಹೆಮ್ಮೆಯನ್ನು ನಾನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನಿಮಗೆ ಒಂದೇ ಒಂದು ವಿನಂತಿ. ನೀವೇ ಮಾಡಿಕೊಳ್ಳಿ, ಚೆನ್ನಾಗಿ ಮಾಡಿ, ಆದರೆ ಆಳಿಟ್ಟುಕೊಂಡ ಪಕ್ಕದ ಮನೆಯವರನ್ನು ನೋಡಿ ಮೂಗು ಮುರಿಯಬೇಡಿ. ಮಂಡಿ ನೋವಿರುತ್ತದೆ, ಹಾಸಿಗೆ ಹಿಡಿದ ಅಮ್ಮ ಇರುತ್ತಾರೆ, ಎರಡು ಕಡೆ ದುಡಿಯುವವರಿರುತ್ತಾರೆ. ಹೊರಗಿನಿಂದ ಅದು ಕಾಣುವುದಿಲ್ಲ.

ತೆಗೆದ ಹುಲ್ಲು, ಎಲೆಗೆ ಬೆಂಕಿ ಇಡಬೇಡಿ. ಒಣಗಿದ್ದು ಎರಡು ಮೂರು ಪಾಲು, ಹಸಿಯದು ಒಂದು ಪಾಲು ಹಾಕುತ್ತಾ ಒಂದು ಮೀಟರ್ ಉದ್ದ, ಅಗಲ, ಎತ್ತರಕ್ಕೆ ಗುಡ್ಡೆ ಮಾಡಿ. ಹಿಂಡಿದ ಬಟ್ಟೆಯಷ್ಟು ಪಸೆ ಇರಲಿ, ಆಗಾಗ ಮಗುಚಿ. ಗುಡ್ಡೆ ಚೆನ್ನಾಗಿ ಕಾದು ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಹೆಚ್ಚಿನ ಕಳೆ ಬೀಜ ಸಾಯುತ್ತವೆ. ಜೇಕಿನ ಗಡ್ಡೆ ಮಾತ್ರ ಅದರೊಳಗೆ ಹಾಕಲೇಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಬೇರೆ ಮಾಡಿ.

ಹಳೆ ಪುಟ:

ಸ್ಥಾನದ ಮಾತು ಬಂತಲ್ಲ, ಅದಕ್ಕೆ ಇದು. ರೋಮ್‌ನ ಚಕ್ರವರ್ತಿ ಡಯೋಕ್ಲೀಷಿಯನ್ 284ರಿಂದ ಆಳಿ, 305ರಲ್ಲಿ ತಾನಾಗಿಯೇ ಪಟ್ಟ ಬಿಟ್ಟು ಈಗಿನ ಕ್ರೊಯೇಷಿಯಾದ ಕಡಲ ತೀರದ ತನ್ನ ಅರಮನೆಗೆ ಹೋದ. ಕೆಲ ವರ್ಷದ ನಂತರ ಮತ್ತೆ ಬಂದು ಅಧಿಕಾರ ಹಿಡಿಯಿರಿ ಅಂತ ಕರೆದಾಗ, ನನ್ನ ಕೈಯಾರೆ ಬೆಳೆಸಿದ ಸೊಪ್ಪು ತರಕಾರಿಯನ್ನು ನೀವು ನೋಡಿದ್ದರೆ ಈ ಮಾತು ಕೇಳುತ್ತಿರಲಿಲ್ಲ ಅಂತ ಉತ್ತರ ಕೊಟ್ಟನಂತೆ, ಹಳೆಯ ಬರಹಗಳು ಹಾಗೆ ಹೇಳುತ್ತವೆ. ಒಳ್ಳೆಯ ರಾಜ ಅಂತ ನಾನು ಹೇಳುವುದಿಲ್ಲ, ಜನರಿಗೆ ಬಹಳ ಹಿಂಸೆ ಕೊಟ್ಟವನು. ಆದರೆ ಒಂದು ಸಾಮ್ರಾಜ್ಯ ಆಳಿದವನಿಗೆ ತನ್ನ ಪಾತಿ ತೋರಿಸಲು ನಾಚಿಕೆ ಆಗಲಿಲ್ಲ.

ನೀವು ಜಂಬ ಬಂತಾ ಅಂತ ಹೆದರುತ್ತಿದ್ದೀರಿ. ಇಷ್ಟು ಹೆದರಬೇಡಿ. ಬೆವರು ಸುರಿಸಿ ಮಾಡಿದ ಕೆಲಸವನ್ನು ಸಂಜೆ ನಿಂತು ನೋಡಿ ಖುಷಿಪಡುವುದರಲ್ಲಿ ಯಾವ ತಪ್ಪೂ ಇಲ್ಲ. ನಿಮ್ಮ ಅಪ್ಪ ಬೇಡ ಅಂದಿದ್ದು ಕೂಗಿ ಕರೆಯುವುದನ್ನು, ಖುಷಿಯನ್ನಲ್ಲ ಅಂತ ನನಗೆ ಅನ್ನಿಸುತ್ತದೆ.

ಹೊಸ ಅಂಗಳ:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಪಾತಿ ಕೆಲಸದವರೇ, ನಿಮ್ಮ ಉತ್ತರವನ್ನು ಭಾವನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅವರು ಹೇಳಿದ್ದು ಸರಿ, ನಾನು ಹಾಗೆ ಯೋಚಿಸಿರಲಿಲ್ಲ" ಅಂದರು. ಕೊಂಬೆ ಇಳಿಸಲು ಮರದ ಕೆಲಸ ಬಲ್ಲವರನ್ನು ಗೊತ್ತು ಮಾಡಿದ್ದೇವೆ, ಭಾವನೇ ಹುಡುಕಿಕೊಟ್ಟರು. ಸಂಜೆ ಮಳೆ ಅವರೇ, ನಿಮ್ಮ ಅಪ್ಪ ಈಗ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ.

ದಾರಿಯ ಎರಡೂ ಬದಿ ಮುಗಿಯಿತು, ಈಗ ಜೇಕಿನ ಮೂಲೆಯಲ್ಲಿದ್ದೇನೆ. ಇನ್ನೊಂದು ಪ್ರಶ್ನೆ. ನನ್ನ ಮಗಳು ಇನ್ನೂ ಚಿಕ್ಕವಳು, ನಾನು ಹೊರಗೆ ಬಂದ ಕೂಡಲೇ ಓಡಿ ಬರುತ್ತಾಳೆ, ತನಗೂ ಕೆಲಸ ಕೊಡು ಅಂತ ಹಟ. ಯಾವ ಕೆಲಸ ಕೊಡಬಹುದು?

ಗುದ್ದಲಿ ಕಾವು:

ನಿಜವಾದ ಕೆಲಸವನ್ನೇ ಕೊಡಿ, ಆಟದ ಕೆಲಸ ಬೇಡ. ಮಕ್ಕಳಿಗೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಒಂದು ಸಣ್ಣ ತುಂಡು ಜಾಗಕ್ಕೆ ದಾರ ಕಟ್ಟಿ ಇದು ನಿನ್ನದು ಅಂತ ಹೇಳಿ. ನೆಲ ಒದ್ದೆ ಇರುವಾಗ ಸಣ್ಣ ಕಳೆ ಕೀಳುವುದು, ತರಗೆಲೆ ಬುಟ್ಟಿಗೆ ತುಂಬುವುದು, ಸಣ್ಣ ಕೈಸಲಿಕೆಯಿಂದ ಮಣ್ಣು ಸಡಿಲ ಮಾಡುವುದು, ನೀರು ಹಾಕುವುದು, ಇಷ್ಟು ಧಾರಾಳವಾಗಿ ಮಾಡಬಹುದು. ಯಾವುದು ಕಳೆ, ಯಾವುದು ಗಿಡ ಅಂತ ಮೊದಲು ಕೈ ಹಿಡಿದು ತೋರಿಸಿ. ಅವಳ ಕೈ ಅಳತೆಯ ಕೈಗವಸು ತನ್ನಿ, ದೊಡ್ಡವರದು ಹಾಕಿದರೆ ಜಾರುತ್ತದೆ. ಹುಲ್ಲು ಕತ್ತರಿಸುವ ಮಷಿನ್ ಓಡುತ್ತಿದ್ದರೆ ಅವಳು ಮನೆಯೊಳಗಿರಲಿ, ಅದು ಕಲ್ಲನ್ನು ಬಹಳ ದೂರಕ್ಕೆ ಸಿಡಿಸುತ್ತದೆ. ಕುಡುಗೋಲು, ಗರಗಸ ಅವಳಿಗೆ ಎಟುಕದ ಎತ್ತರದಲ್ಲಿರಲಿ. ಪಾರ್ಥೇನಿಯಂ ಇದ್ದರೆ ಅವಳು ಹೊರಗೆ ಬರುವ ಮೊದಲೇ ನೀವು ಕಿತ್ತು ಮುಗಿಸಿ, ಅದರಿಂದ ಚರ್ಮದ ಅಲರ್ಜಿ ಬರುತ್ತದೆ.

ಮತ್ತೆ, ಅವಳು ಕೀಳದೆ ಬಿಟ್ಟ ಕಳೆಯನ್ನು ಅವಳ ಎದುರಿಗೇ ನೀವು ಮತ್ತೆ ಕೀಳಲು ಹೋಗಬೇಡಿ. ಉಳಿದದ್ದನ್ನು ಮುಂದಿನ ಸಲ ಅವಳೇ ಕಂಡುಹಿಡಿಯಲಿ. ಕೆಲಸ ಆದ ಮೇಲೆ ಅವಳ ಕೈಸಲಿಕೆಯನ್ನು ಅವಳೇ ತೊಳೆದು ಒರೆಸಿ ಇಡಲಿ. ಅದಕ್ಕೆ ಅವಳ ಎತ್ತರಕ್ಕೆ ಗೋಡೆಯಲ್ಲಿ ಬೇರೆ ಮೊಳೆ ಹೊಡೆದುಕೊಡಿ.